ಒದ್ದೆ ಪರದೆಯ ಎರಡು ಕಡೆ

ನಮ್ಮವರ ಹೆಸರನ್ನು ನಾನು ಹೇಳುವುದಿಲ್ಲ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಥಣಿಯಲ್ಲಿ ನಮ್ಮವ್ವ ಕಲಿಸಿ ಕಳಿಸಿದ್ದಾಳೆ. ಆದರೆ ಸಾಂಗಲಿಯ ಅರಿಶಿನ ಪೇಟೆಗೆ ಹೋಗಿ ಯಾರನ್ನಾದರೂ ಕೇಳಿ, ಈ ಊರಲ್ಲಿ ಸಿನಿಮಾ ತಿಳಿದ ಸಾವುಕಾರ ಯಾರು ಎಂದು. ಬಸಲಿಂಗಪ್ಪ ಎಂದು ತಟ್ಟನೆ ಹೇಳುತ್ತಾರೆ. ಹೇಳಿದವರು ಅವರು, ನಾನಲ್ಲ.

ಕೃಷ್ಣಾ ನದಿಯ ಮೇಲೆ ಹೊಸ ಸೇತುವೆಯಾಗಿ ಒಂದು ವರ್ಷ ಕಳೆದಿತ್ತು. ಸಿನಿಮಾಕ್ಕೆ ಇನ್ನೂ ಮಾತು ಬಂದಿರಲಿಲ್ಲ. ದೀಪಾವಳಿ ಮುಗಿಯುತ್ತಲೇ ಭರತೇಶ ಎಂಬ ಜೈನರ ಮನುಷ್ಯ ಅರಿಶಿನ ತುಂಬಿಡುವ ವಖಾರಗಳ ಹಿಂದಿನ ಬಯಲಿನಲ್ಲಿ ತಂಬು ಹೊಡೆಯುತ್ತಿದ್ದ. ಮಿರಜ ಸ್ಟೇಶನ್ನಿಗೆ ರೈಲಿನಲ್ಲಿ ಬಂದ ಚಿತ್ರದ ಡಬ್ಬಿಗಳನ್ನು ಟಾಂಗಾದಲ್ಲಿ ತಾನೇ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದ, ಹಡೆದವ್ವ ಕೂಸು ತಂದ ಹಾಗೆ. ತಂಬಿನ ನಡುವೆ ಬಿಳಿಯ ಪರದೆ. ಪರದೆಯ ಮುಂದೆ ಗಂಡಸರು, ಹಿಂದೆ ಹೆಂಗಸರು. ಆಟ ಶುರುವಾಗುವ ಮೊದಲು ಇಬ್ಬರು ಆಳುಗಳು ಬಕೆಟ್ಟುಗಟ್ಟಲೆ ನೀರನ್ನು ಪರದೆಗೆ ಎರಚುತ್ತಿದ್ದರು. ಬಟ್ಟೆ ಒದ್ದೆಯಾದರೆ ಬೆಳಕು ಅದನ್ನು ದಾಟಿ ಈಚೆಗೂ ಬರುತ್ತದೆ, ಚಿತ್ರ ಎರಡೂ ಕಡೆ ಕಾಣುತ್ತದೆ. ಮುಂದಿನವರಿಗೆ ಕುರ್ಚಿ ಮತ್ತು ಬೆಂಚು. ನಮಗೆ ನೆಲ, ಅದೂ ಪರದೆಯಿಂದ ತೊಟ್ಟಿಕ್ಕಿದ ನೀರು ಹರಿದು ಬಂದ ನೆಲ. ಮನೆಗೆ ಮರಳುವಾಗ ನಮ್ಮ ಸೀರೆ ನೋಡಿದವರು ಇವರು ಸಿನಿಮಾ ನೋಡಿ ಬಂದರೋ ಗದ್ದೆ ನಾಟಿ ಮಾಡಿ ಬಂದರೋ ಎಂದು ಕೇಳಬೇಕು.

ಆದರೂ ನಾವು ಹೋಗುತ್ತಿದ್ದೆವು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಪೂಜೆ, ಸಾವು, ಸೀಮಂತ ಬಿಟ್ಟು ಹೊಸ್ತಿಲು ದಾಟಲು ನನಗೆ ಸಿಕ್ಕ ಒಂದೇ ನೆಪ ಆ ತಂಬು.

ನಮ್ಮವರ ಸಿನಿಮಾ ಜ್ಞಾನದ ಬಗ್ಗೆ ಹೇಳಬೇಕು. ಅರಿಶಿನದ ಕೊಂಬನ್ನು ಎರಡು ಬೆರಳಿನಲ್ಲಿ ಲಟಕ್ಕನೆ ಮುರಿದು, ಒಳಗಿನ ಬಣ್ಣ ನೋಡಿ ಮಾಲು ಎಂಥದೆಂದು ಹೇಳುವ ಮನುಷ್ಯ. ಚಿತ್ರಗಳನ್ನೂ ಹಾಗೆಯೇ ಮುರಿದು ನೋಡುತ್ತಿದ್ದರು. ಆಟದ ಮರುದಿನ ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕುಳಿತು, ಸುತ್ತ ಏಳೆಂಟು ಜನರನ್ನು ಕೂಡಿಸಿಕೊಂಡು ಶುರು ಮಾಡುವರು. "ಪೌರಾಣಿಕ ಅಂದ್ರ ರಾಜಾಪುರಿ ಅರಿಷಿಣ ಇದ್ದಂಗ. ಬಣ್ಣಾನೂ ಐತಿ, ಭಕ್ತೀನೂ ಐತಿ, ಮನಿಮಂದಿಗೆಲ್ಲಾ ನಡೀತದ. ಸ್ಟಂಟ್ ಚಿತ್ರ ಬ್ಯಾಡಗಿ ಮೆಣಸಿನಕಾಯಿ. ಕೆಂಪಗ ಕಾಣ್ತದ, ಖಾರ ಇರಂಗಿಲ್ಲ." ಐತಿಹಾಸಿಕ ಎಂದರೆ ಹಳೆಯ ಬೆಲ್ಲ. ಸಾಮಾಜಿಕ ಎಂದರೆ ಏನು ಎಂದು ಯಾರೋ ಕೇಳಿದ್ದಕ್ಕೆ ಬಹಳ ಹೊತ್ತು ಯೋಚಿಸಿ, "ಉಳ್ಳಾಗಡ್ಡಿ. ಬರೇ ಕಣ್ಣೀರು" ಎಂದಿದ್ದರಂತೆ. ಇಡೀ ಪೇಟೆ ಒಂದು ವಾರ ಆ ಮಾತನ್ನು ಹೊತ್ತು ತಿರುಗಿತು.

ಅಷ್ಟೇ ಅಲ್ಲ. ಚಿತ್ರದ ನಡುನಡುವೆ ಪರದೆಯ ಮೇಲೆ ಮರಾಠಿ ಅಕ್ಷರಗಳು ಬರುತ್ತವಲ್ಲ, ಯಾರು ಏನು ಅಂದರು, ಮುಂದೆ ಏನಾಯಿತು ಎಂದು, ಅವನ್ನು ಓದಿ ಅಕ್ಕಪಕ್ಕದ ಗಂಡಸರಿಗೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವವರೂ ಅವರೇ. ಅದಕ್ಕಾಗಿ ಮುಂದಿನ ಸಾಲಿನ ನಡುವಿನ ಕುರ್ಚಿ ಅವರಿಗೆ ಕಾಯಂ.

ಮೂರು ವರ್ಷದ ಹಿಂದೆ, ನಾನು ನೋಡಿದ ಮೊದಲ ಸ್ಟಂಟ್ ಚಿತ್ರದ ಮರುದಿನ, ಮನೆಗೆ ಬಂದ ಬೀಗರಿಗೆ ಊಟ ಬಡಿಸುತ್ತ ನಾನೂ ಉತ್ಸಾಹದಿಂದ ಅಂದೆ: "ಆ ಹುಡುಗ ಎಡಗೈಲೆ ಏನ್ ಕತ್ತಿ ಬೀಸ್ತಾನ್ರಿ!"

ಪಂಕ್ತಿಯೆಲ್ಲ ನಕ್ಕಿತು. ನಮ್ಮವರಂತೂ ತುತ್ತು ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಕ್ಕರು. "ಎಡಗೈ ಅಲ್ಲ, ಬಲಗೈ. ಹಿಂದಿನಿಂದ ನೋಡಿದಾಕಿ ನೀ, ನಿನಗೇನ್ ತಿಳೀತದ?"

ಪರದೆಯ ಹಿಂದೆ ಎಲ್ಲವೂ ಎಡಬಲ ಅದಲುಬದಲಾಗಿ ಕಾಣುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು, ನಾಲ್ಕು ಜನರೆದುರು, ಕೈಯಲ್ಲಿ ಸಾರಿನ ಪಾತ್ರೆ ಹಿಡಿದುಕೊಂಡು. ಆ ನಗು ನನಗೆ ನಟ್ಟಿತು. ಅಂದಿನಿಂದ ಮನೆಯಲ್ಲಿ ಯಾವ ಚಿತ್ರದ ಮಾತು ಬಂದರೂ, ನಾನು ಏನೇ ಅಂದರೂ, "ಹಿಂದಿನಿಂದ ನೋಡಿದಾಕಿ" ಎಂಬ ಒಂದೇ ಮಾತಿಗೆ ನನ್ನ ಬಾಯಿ ಮುಚ್ಚಿಸುತ್ತಿದ್ದರು. ಒಮ್ಮೆ, ಒಂದೇ ಒಂದು ಸಲ, ಒಂದು ಚಿತ್ರವನ್ನು ಮುಂದಿನಿಂದ ನೋಡಬೇಕು ಎಂಬ ಆಸೆ ನನಗೆ ಹತ್ತಿದ್ದು ಹಾಗೆ. ದೇವರಲ್ಲಿ ಮಗ ಕೊಡು ಎಂದು ಕೇಳಿಕೊಂಡಾಗಲೂ ಅಷ್ಟು ಹಟ ಮಾಡಿರಲಿಲ್ಲ.

ಮುಂದೆ ಬಿಡುವವರಾರು? ಅದಕ್ಕೆ ಬೇರೆ ಉಪಾಯ ಹುಡುಕಿದೆ. ನನ್ನ ಕುಂಕುಮದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಗೈಯಗಲದ ಕನ್ನಡಿಯಿದೆ. ಅಕ್ಷರ ಬಂದ ಕೂಡಲೇ ಪರದೆಗೆ ಬೆನ್ನು ಮಾಡಿ, ಮುಚ್ಚಳ ತೆರೆದು ಮೇಲೆತ್ತಿದರೆ, ಕನ್ನಡಿಯಲ್ಲಿ ಅಕ್ಷರ ನೆಟ್ಟಗೆ ನಿಂತಿರುತ್ತದೆ. ಅಥಣಿಯಲ್ಲಿ ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿ ಬಂದಿದ್ದೆ. ಪಕ್ಕದ ಮನೆಯ ಮರಾಠಿ ಹುಡುಗಿಯರ ಪುಸ್ತಕದಲ್ಲಿ ಮರಾಠಿ ಅಚ್ಚಾಗುವ ಬಾಳಬೋಧ ಲಿಪಿಯನ್ನೂ ಕಲಿತಿದ್ದೆ. ಓದಿ ಹೆಂಗಸರಿಗೆ ಕನ್ನಡದಲ್ಲಿ ಹೇಳತೊಡಗಿದೆ. ತಿಂಗಳೊಪ್ಪತ್ತಿನಲ್ಲಿ ನಲವತ್ತು ಹೆಂಗಸರೂ ಪೆಟ್ಟಿಗೆ ತರುವ ರೂಢಿಯಾಯಿತು. ಅಕ್ಷರ ಬಂದಾಗ ಅರ್ಧ ಜನ ಅಕ್ಷರ ನೋಡುತ್ತಿದ್ದರು, ಉಳಿದರ್ಧ ತಮ್ಮ ಕುಂಕುಮ ಸರಿಯಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದರು.

ಹಿಂದೆ ಕುಳಿತು ನಾನು ಬಹಳ ಕಲಿತೆ. ರಾಜನನ್ನು ಎತ್ತರ ತೋರಿಸಬೇಕಾದರೆ ಕ್ಯಾಮೆರಾ ನೆಲಕ್ಕೆ ಇಳಿಯುತ್ತದೆ, ಬಡವನನ್ನು ತೋರಿಸುವಾಗ ಮಾಳಿಗೆ ಹತ್ತುತ್ತದೆ. ಅಳುವ ಹೆಣ್ಣಿನ ಹತ್ತಿರ ಅದು ಗೆಳತಿಯ ಹಾಗೆ ಸರಿದು ಬರುತ್ತದೆ, ಮುಖ ಬಾಗಿಲಿನಷ್ಟು ದೊಡ್ಡದಾಗುತ್ತದೆ. ರಾತ್ರಿಯ ದೃಶ್ಯಕ್ಕೆ ನೀಲಿ ಬಣ್ಣ ಬಳಿಯುತ್ತಾರೆ. ಆದರೆ ನೆರಳು ನೋಡಿದರೆ ಕಾಲಬುಡದಲ್ಲೇ ಇರುತ್ತದೆ, ಅಂದರೆ ಚಿತ್ರ ತೆಗೆದದ್ದು ನಡುಮಧ್ಯಾಹ್ನ. ಇದನ್ನು ನಮ್ಮವರಿಗೆ ಹೇಳಿದೆ. "ಹಿಂದಿನಿಂದ ನೋಡಿದಾಕಿ" ಎಂದರು. ನೆರಳಿಗೆ ಹಿಂದೇನು, ಮುಂದೇನು?

ಇನ್ನೊಂದು ವಿಚಿತ್ರವಿತ್ತು. ನಾನು ಓದಿದ ಕಥೆಗೂ ಅವರು ಗಾದಿಯ ಮೇಲೆ ಹೇಳುವ ಕಥೆಗೂ ಎಷ್ಟೋ ಸಲ ತಾಳೆಯೇ ಆಗುತ್ತಿರಲಿಲ್ಲ. ಒಂದು ಸಾಮಾಜಿಕ ಚಿತ್ರದಲ್ಲಿ ಸೊಸೆ ತವರಿಗೆ ಹೋದಳು ಎಂದು ನಾನು ಕಣ್ಣಾರೆ ಓದಿದ್ದೆ. ಇವರು ಪೇಟೆಯಲ್ಲಿ ಅವಳನ್ನು ಬಾವಿಗೆ ತಳ್ಳಿ ಬಂದಿದ್ದರು. ಕನ್ನಡಿಯಲ್ಲಿ ನಾನೇ ತಪ್ಪು ಓದಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

ಆ ವರ್ಷ ಮಾಘ ಮಾಸದಲ್ಲಿ ಒಬ್ಬ ಶಿವಶರಣನ ಕಥೆಯ ಚಿತ್ರ ಬಂತು. ನಮ್ಮ ಜನರ ಶರಣನನ್ನು ಮುಂಬೈ ಕಡೆಯವರು ಚಿತ್ರ ಮಾಡಿದ್ದಾರೆಂದು ಪೇಟೆಗೆ ಪೇಟೆಯೇ ಹಿಗ್ಗಿತು. ನಮ್ಮವರು ಹಟ ಹಿಡಿದು ಬಾಳಪ್ಪಕಾಕಾನನ್ನು ಕರೆದುಕೊಂಡು ಹೋದರು. ಬಾಳಪ್ಪಕಾಕಾ ಎಂದರೆ ಸಮಾಜದ ಹಿರಿಯ. ಎಪ್ಪತ್ತೆರಡು ವರ್ಷ, ಗಜಗಟ್ಟಲೆ ರುಮಾಲು, ಬೆಳ್ಳಿ ಕಟ್ಟಿನ ಕೋಲು. ಅವನು ಬೇಡವೆಂದರೆ ಪೇಟೆಯಲ್ಲಿ ತಕ್ಕಡಿಯೂ ಅಲ್ಲಾಡುವುದಿಲ್ಲ. ಸಿನಿಮಾ ನೋಡಿದವನೇ ಅಲ್ಲ. "ಕಾಕಾ, ನಾ ಎಲ್ಲಾ ತಿಳಿಸಿ ಹೇಳ್ತೀನಿ, ಬರ್ರಿ" ಎಂದು ನಮ್ಮವರು ಅವನನ್ನು ತಮ್ಮ ಪಕ್ಕದ ಕುರ್ಚಿಯಲ್ಲೇ ಕೂಡಿಸಿಕೊಂಡರು. ಅವನ ಸೊಸೆ ಇಂದುಬಾಯಿ ಈಚೆಗೆ ನನ್ನ ಪಕ್ಕದಲ್ಲಿ, ಅದೇ ಹಸಿ ನೆಲದ ಮೇಲೆ.

ಅರ್ಧ ಚಿತ್ರ ಚೆನ್ನಾಗಿಯೇ ನಡೆಯಿತು. ಆಮೇಲೆ ಶರಣ ಪೂಜೆಗೆ ಕುಳಿತ. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡ. ಕ್ಯಾಮೆರಾ ಮೆಲ್ಲಗೆ ಹತ್ತಿರ ಹೋಯಿತು. ಪರದೆಯ ತುಂಬ ಒಂದೇ ಕೈ, ಕೈಯಲ್ಲಿ ಲಿಂಗ, ಅದರ ಮೇಲೆ ಎಲ್ಲಿಂದಲೋ ಬಿದ್ದ ಬೆಳಕು. ಹೆಂಗಸರೆಲ್ಲ ಕಣ್ಣೊರೆಸಿಕೊಂಡು ಕೈಮುಗಿದರು.

ನಾನು ಮಾತ್ರ ಬೆವೆತೆ. ಏಕೆಂದರೆ ನಮಗೆ ಕಂಡದ್ದು ಎಡಗೈ.

ಲಿಂಗವಂತರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ನಾವು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬಲಗೈಯಿಂದ ಪೂಜಿಸುತ್ತೇವೆ. ಈಗ ಹುಟ್ಟಿದ ಕೂಸಿಗೂ ಗೊತ್ತಿರುವ ಪದ್ಧತಿ. ಈಚೆ ನಮಗೆ ಎಡಗೈ ಕಂಡರೆ ಆಚೆ ಗಂಡಸರಿಗೆ ಕಾಣುವುದು ಬಲಗೈ.

ಇದನ್ನು ನಾನು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ, ಶರಣನ ಅಂಗೈಯ ನಟ್ಟನಡುವೆ, ದೊಡ್ಡ ಕರಿಯ ನೆರಳೊಂದು ಎದ್ದು ನಿಂತಿತು. ಬೆಟ್ಟದಂಥ ರುಮಾಲು, ಮೇಲೆತ್ತಿದ ಕೋಲು. "ಅಯ್ಯಯ್ಯ, ಶಿವ ಪ್ರತ್ಯಕ್ಷ ಆದ!" ಎಂದು ಹಿಂದಿನಿಂದ ಯಾರೋ ಚೀರಿದರು. ನಾಲ್ಕಾರು ಜನ ಅಡ್ಡಬಿದ್ದರು. ಇಂದುಬಾಯಿ ಮಾತ್ರ ತಟ್ಟನೆ ತಲೆತುಂಬ ಸೆರಗು ಹೊದ್ದು ತಲೆ ತಗ್ಗಿಸಿದಳು.

"ಶಿವ ಅಲ್ಲಬೇ. ನಮ್ಮ ಮಾವ" ಎಂದಳು.

ಆಚೆಯಿಂದ ಬಾಳಪ್ಪಕಾಕಾನ ದನಿ ತಂಬು ಹರಿಯುವ ಹಾಗೆ ಕೇಳಿತು: "ಬಲಗೈ! ಲಿಂಗ ಬಲಗೈಯಾಗ! ಯಾಕ, ಅಂವಗ ಎಡಗೈ ಮುರದಿತ್ತೇನು?" ಬೆಂಚು ಬಿದ್ದವು, ಯಂತ್ರ ನಿಂತಿತು, ದೀಪ ಬಂತು. ಗಂಡಸರು ಒಟ್ಟಾಗಿ ಹೊರಗೆ ನಡೆದರು. ಬಾಳಪ್ಪಕಾಕಾನನ್ನು ಕೈಹಿಡಿದು ಕರೆತಂದವರು ನಮ್ಮವರೇ ತಾನೆ, ಅದಕ್ಕೆ ಅವರ ಸಿಟ್ಟು ಎಲ್ಲರಿಗಿಂತ ದೊಡ್ಡದಾಗಿತ್ತು. ಹಾಗೆ ಕಾಣಿಸಲೇಬೇಕಿತ್ತು.

ಆ ರಾತ್ರಿ ನಮ್ಮ ಜನರ ಪ್ರತಿ ಮನೆಯಲ್ಲೂ ಜಗಳ. ಗಂಡ ಬಲಗೈ ಎನ್ನುತ್ತಾನೆ, ಹೆಂಡತಿ ಎಡಗೈ ಎಂದು ಆಣೆ ಮಾಡುತ್ತಾಳೆ. ಇಂದುಬಾಯಿಯ ಗಂಡ ಉಪವಾಸ ಮಲಗಿದನೆಂದು ಮರುದಿನ ಗೊತ್ತಾಯಿತು.

ಮರುದಿನ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಪಂಚಾಯಿತಿ ಕೂಡಿತು. ಭರತೇಶ ಒಂದು ತೆಂಗಿನಕಾಯಿ, ಒಂದು ಪುಡಿಕೆ ಪೇಢೆ ಹಿಡಿದು ಬರಿಗಾಲಿನಲ್ಲಿ ಬಂದು ಅಂಗಳದಲ್ಲೇ ನಿಂತ. ಮೇಲೆ ಬಾ ಎಂದು ಯಾರೂ ಅನ್ನಲಿಲ್ಲ. ನಾನು ಒಳಬಾಗಿಲಿನ ಹಿಂದೆ ನಿಂತಿದ್ದೆ. ಹಿಂದೆ ನಿಂತು ನೋಡುವುದು ನನಗೆ ರೂಢಿಯೇ ಆಗಿತ್ತು.

"ಕಾಕಾ, ಚಿತ್ರ ತಗದಾವ್ರಿಗೆ ನಿಮ್ಮ ಪದ್ಧತಿ ಗೊತ್ತಿಲ್ರಿ" ಎಂದ ಭರತೇಶ. "ದೇವರನ್ನ ಎಡಗೈಯಾಗ ಹ್ಯಾಂಗ ಹಿಡಿಯೋದು ಅಂತ ಬಲಗೈಯಾಗ ಕೊಟ್ಟಾರ. ಮರ್ಯಾದಿಗೇ ಮಾಡ್ಯಾರ್ರಿ."

"ಅವರ ಮರ್ಯಾದಿ ಅವರ ಮನ್ಯಾಗ ಇಟ್ಕೊಳ್ಲಿ" ಎಂದ ಬಾಳಪ್ಪಕಾಕಾ.

"ಹಂಗಾದ್ರ ಆ ತುಂಡು ಕತ್ತರಿಸಿ ತಗೀತೀನ್ರಿ."

"ಲಿಂಗ ಹಿಡದ ಕೈಗೆ ಕತ್ತರಿ ಹಾಕ್ತೀಯಾ?"

ಭರತೇಶ ಕಿವಿ ಹಿಡಿದುಕೊಂಡ. "ತಪ್ಪಾತ್ರಿ. ಇನ್ನೊಂದು ದಾರಿ ಐತ್ರಿ. ರೀಲು ತಿರುವಿ ಹಾಕಿದ್ರ ಬಲಗೈ ಎಡಗೈ ಆಗ್ತದ."

"ಅಂದ್ರ ದೇವರನ್ನ ಉಲ್ಟಾ ಹಾಕ್ತೀಯಾ?" ಬಾಳಪ್ಪಕಾಕಾ ಕೋಲು ಕುಟ್ಟಿದ. "ಒಂದು ತಪ್ಪಿಗೆ ಇನ್ನೊಂದು ತಪ್ಪು? ಸಾಕು. ಸೋಮವಾರದೊಳಗ ತಂಬು ಕಿತ್ತುಕೊಂಡು ಮಾಧವನಗರಕ್ಕರೆ ಹೋಗು, ಬುಧಗಾಂವಿಗರೆ ಹೋಗು. ಇಲ್ಲಾಂದ್ರ ನಾ ಮಾಮಲೇದಾರರ ಕಡೆ ಹೋಗಾಂವ. ಮುಂದ ಎಂದೂ ಈ ಊರಾಗ ನಿನಗ ಪರವಾನಗಿ ಸಿಗಂಗಿಲ್ಲ."

ಭರತೇಶನ ಮುಖ ಸುಣ್ಣದ ಗೋಡೆಯಾಯಿತು. ತಂಬು ಹೋದರೆ ಅವನಿಗೆ ಇನ್ನೊಂದು ಊರು ಸಿಗುತ್ತದೆ. ನನಗೆ? ಇನ್ನು ನಾನು ಸಾಯುವವರೆಗೆ ಈ ಬಾಗಿಲಿನ ಸಂದಿಯಿಂದ ಅಂಗಳವನ್ನೇ ನೋಡುತ್ತ ಕೂಡಬೇಕು. ಅಂಗಳದಲ್ಲಿ ಯಾವ ಕ್ಯಾಮೆರಾ ಯಾರ ಹತ್ತಿರವೂ ಬರುವುದಿಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, ತಲೆ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲಿಗೆ ಬಂದೆ.

"ಕಾಕಾ, ಒಂದು ಮಾತು ಹೇಳ್ಲೇನ್ರಿ? ನಮ್ಮ ಕಡೆ ಲಿಂಗ ಎಡಗೈಯಾಗೇ ಇತ್ರಿ."

ನಮ್ಮವರು ಗಾದಿಯಿಂದ ಅರ್ಧ ಎದ್ದರು. "ಏ, ನೀ ಒಳಗ ನಡಿ! ಹಿಂದಿನಿಂದ ನೋಡಿದಾಕಿ, ನಿನಗೇನ್ ತಿಳೀತದ?"

"ಹಿಂದಿನಿಂದ ನೋಡಿದ್ದಕ್ಕ ತಿಳದೈತ್ರಿ" ಎಂದೆ.

ಮೂರು ವರ್ಷ ಬೇಯಿಸಿಟ್ಟ ಮಾತು ಅದು. ಬಾಳಪ್ಪಕಾಕಾ ನನ್ನನ್ನು ನೋಡಿ, "ನಮ್ಮ ಇಂದೂನೂ ಹಂಗ ಅಂತಾಳ. ಸುಳ್ಳು ಹೇಳೋ ಹುಡುಗಿ ಅಲ್ಲ ಆಕಿ" ಎಂದು ಗಡ್ಡ ಕೆರೆದುಕೊಂಡ. "ಹ್ಯಾಂಗ ಅದು, ತೋರ್ಸು."

ಭರತೇಶನ ಕಂಕುಳಲ್ಲಿ ಜಾಹೀರಾತಿನ ಕಾಗದಗಳಿದ್ದವು. ತೆಳ್ಳಗಿನ ಕಾಗದ, ಒಂದೇ ಬದಿಗೆ ಅಚ್ಚು. ಅದರಲ್ಲಿ ಅದೇ ಶರಣ, ಅದೇ ಬಲಗೈ, ಅದೇ ಲಿಂಗ. ಒಂದನ್ನು ಇಸಿದುಕೊಂಡು ಅಂಗಳಕ್ಕಿಳಿದು, ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದು ನಿಂತೆ. "ಈ ಕಡೆಯಿಂದ ನೋಡ್ರಿ ಕಾಕಾ. ಇದು ಗಂಡಸರ ಕಡೆ."

"ಬಲಗೈ" ಎಂದ.

"ಈಗ ಸುತ್ತ ಹಾಕಿ ಹಿಂದ ಬರ್ರಿ. ಇದು ನಮ್ಮ ಕಡೆ."

ಬಾಳಪ್ಪಕಾಕಾ ಕೋಲೂರಿಕೊಂಡು ನನ್ನನ್ನು ಸುತ್ತು ಹಾಕಿ ಹಿಂದೆ ಬಂದ. ಕಾಗದದ ಮೂಲಕ ಬಿಸಿಲು ಹಾದು ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು. "ಎಡಗೈ!" ಎಂದ. ನಂಬಿಕೆ ಬರಲಿಲ್ಲ. ಮತ್ತೆ ಮುಂದೆ ಹೋದ. "ಬಲಗೈ." ಮತ್ತೆ ಹಿಂದೆ. "ಎಡಗೈ!" ಹೀಗೆ ಸುತ್ತಿದ್ದೇ ಸುತ್ತಿದ್ದು. ಪಡಸಾಲೆಯ ಮೇಲೆ ಕುಳಿತ ಹಿರಿಯರ ಕತ್ತುಗಳೂ ಅವನ ಜೊತೆ ಅತ್ತಿಂದಿತ್ತ ತಿರುಗುತ್ತಿದ್ದವು. ನನ್ನ ತೋಳು ನೋಯತೊಡಗಿತ್ತು.

"ಕಾಕಾ, ಮೂರು ಸುತ್ತು ಆತ್ರಿ" ಎಂದೆ. "ದೇವರಿಗೆ ಪ್ರದಕ್ಷಿಣಿ ಹಾಕಿದಂಗ ಆತು. ಗುಡಿಯಾಗ ದೇವರ ಮುಖ ಕಾಣ್ಲಿಲ್ಲಾಂದ್ರ ದೇವರನ್ನ ತಿರುಗಸ್ತೀವೇನ್ರಿ? ನಾವ ಸುತ್ತ ಹಾಕಿ ಹೋಗ್ತೀವಿ. ರೀಲಿಗೆ ಯಾರೂ ಕೈ ಹಚ್ಚೂದು ಬ್ಯಾಡ. ಗಂಡಸರು ಪರದೆ ಸುತ್ತ ಹಾಕಿ ಹಿಂದ ಬಂದು ಕುಂದರ್ಲಿ."

ಬಾಳಪ್ಪಕಾಕಾ ನಿಂತಲ್ಲೇ ನಿಂತ. ದೇವರನ್ನು ತಿರುಗಿಸುವುದು ತಪ್ಪು, ಭಕ್ತ ತಿರುಗುವುದು ಪುಣ್ಯ. ಇದರಲ್ಲಿ ದೋಷ ಹುಡುಕಲು ಅವನು ಬಹಳ ಪ್ರಯತ್ನಪಟ್ಟದ್ದು ಮುಖದ ಮೇಲೆ ಕಾಣುತ್ತಿತ್ತು. ಕಡೆಗೆ, "ಅಂದ್ರ ಹೆಂಗಸ್ರು ಎಲ್ಲಿ ಕುಂದರಬೇಕು?" ಎಂದ.

ಈ ಪ್ರಶ್ನೆಗೇ ನಾನು ಕಾದಿದ್ದೆ. "ಬ್ಯಾರೆ ಎಲ್ಲಿ ಜಾಗಾ ಐತ್ರಿ? ಮುಂದ."

"ಮುಂದ ಕುಂತ್ರ ನಿಮಗ ಬಲಗೈ ಕಾಣ್ತದಲ್ಲ! ಆ ಪಾಪ?"

"ನಮ್ಮ ಕಡೆ ಕನ್ನಡಿ ಅದಾವ್ರಿ" ಎಂದು ಕುಂಕುಮದ ಪೆಟ್ಟಿಗೆ ತಂದು ತೋರಿಸಿದೆ. "ಆ ಹೊತ್ತಿಗೆ ಹಿಂದ ತಿರುಗಿ ಕನ್ನಡ್ಯಾಗ ನೋಡ್ತೀವಿ. ಎಡಗೈ ಕಾಣ್ತದ."

ಭರತೇಶ ಅಂಗಳದಲ್ಲಿ ನಿಂತಲ್ಲೇ ತೆಂಗಿನಕಾಯಿ ಒಡೆದುಬಿಟ್ಟ.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಸಾಂಗಲಿಯ ಗಂಡಸರು ಧೋತರ ಎತ್ತಿ ಹಿಡಿದುಕೊಂಡು ಒಬ್ಬರ ಹಿಂದೊಬ್ಬರು ಪರದೆಯ ಹಿಂದಕ್ಕೆ ಹೋದರು. ಬಾಳಪ್ಪಕಾಕಾನಿಗೆಂದು ಕುರ್ಚಿ ಹೊತ್ತೊಯ್ದರು. ಅದರ ಎಡಗಾಲು ಕೆಸರಿನಲ್ಲಿ ಇಳಿಯಿತು, ಸರಿಪಡಿಸುವಷ್ಟರಲ್ಲಿ ಬಲಗಾಲೂ ಇಳಿಯಿತು. ಈಚೆಯಿಂದ ನಮಗೆ ಅವರ ಮಾತುಗಳು ಮಾತ್ರ ಕೇಳುತ್ತಿದ್ದವು. "ಎಷ್ಟು ಹಸಿ ಐತಿ ಇಲ್ಲಿ!" "ನೀರು ಸಿಡೀತೋ!" "ಇಲ್ಲಿ ಹೆಂಗ ಕುಂದರ್ತಾರಪಾ ಇವ್ರು?" ನಲವತ್ತು ಹೆಂಗಸರು ಬೆಂಚುಗಳ ಮೇಲೆ ಕಾಲು ಇಳಿಬಿಟ್ಟು ಕುಳಿತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ನಾನು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕುಳಿತೆ. ಅದು ಯಾರ ಕುರ್ಚಿಯೆಂದು ಹೇಳಬೇಕಾಗಿಲ್ಲ.

ಬೆಳಕು ಬಿತ್ತು. ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ. ಒದ್ದೆ ಬಟ್ಟೆಯ ಹಿಂದೆ ನಾವು ಮೂರು ವರ್ಷ ನೋಡಿದ್ದು ಮಂಜಿನಲ್ಲಿ ನಿಂತ ಮುಖಗಳನ್ನು. ಈಗ ಶರಣನ ಹೆಂಡತಿಯ ರೆಪ್ಪೆಯ ಕೂದಲು ಒಂದೊಂದೂ ಕಾಣುತ್ತಿತ್ತು. ಅವಳ ಕಣ್ಣಿನಿಂದ ಹನಿ ಇಳಿಯುವ ಮೊದಲು ಕಣ್ಣಿನೊಳಗೆ ತುಂಬಿ ನಿಂತದ್ದು ಕಾಣುತ್ತಿತ್ತು. ಉಳ್ಳಾಗಡ್ಡಿಯಂತೆ! ಉಳ್ಳಾಗಡ್ಡಿಗೆ ಎಲ್ಲಿ ಬರುತ್ತದೆ ಅಂಥ ಕಣ್ಣೀರು?

ಮೊದಲ ಅಕ್ಷರಗಳು ಬಂದವು. ನೆಟ್ಟಗೆ, ಬೆಳ್ಳಗೆ, ಮೊಳದುದ್ದ. ನಾನು ಓದಲು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ನಮ್ಮವರ ದನಿ ಬಂತು, ಎಂದಿನ ಗತ್ತಿನಲ್ಲಿ: "ಅರಸ ಅಂತಾನ, ಏ ಶರಣಾ, ನಿನಗ ಅರ್ಧಾ ರಾಜ್ಯ ಕೊಡ್ತೀನಿ."

ಪರದೆಯ ಮೇಲಿದ್ದದ್ದು ಇಷ್ಟು: ಊರಿಗೆ ಬರ ಬಿತ್ತು, ಹಗೇವಿನಲ್ಲಿ ಕಾಳು ತೀರಿತು.

ಇಂದುಬಾಯಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಚಿತ್ರ ಮುಂದೆ ಹೋಯಿತು, ಜನ ಖಾಲಿ ಮಡಕೆ ಹಿಡಿದು ಅಳುತ್ತಿದ್ದರು.

"ಬಸಲಿಂಗಪ್ಪಾ," ಎಂದಿತು ಬಾಳಪ್ಪಕಾಕಾನ ದನಿ, "ಅರ್ಧಾ ರಾಜ್ಯ ಸಿಕ್ಕಿದ್ದಕ್ಕ ಯಾಕ ಅಳಾಕತ್ತಾರೋ ಇವ್ರು?"

"ಆನಂದಕ್ಕ ಕಾಕಾ."

"ಖಾಲಿ ಗಡಿಗಿ ಹಿಡಕೊಂಡು?"

ಅಷ್ಟರಲ್ಲಿ ಎರಡನೆಯ ಸಲ ಅಕ್ಷರ ಬಂದವು. "ಓದೋ!" ಎಂದ ಬಾಳಪ್ಪಕಾಕಾ.

"ಉಲ್ಟಾ ಅದಾವ್ರಿ ಕಾಕಾ. ಓದಾಕ ಬರಂಗಿಲ್ಲ."

"ಮದಲನೇದ್ದು ಸುಲ್ಟಾ ಇತ್ತೇನು? ಅದನ್ನ ಹ್ಯಾಂಗ ಓದಿದಿ?"

ನನಗೆ ಒಮ್ಮೆಲೇ ಹೊಳೆಯಿತು. ಉಲ್ಟಾ ಇರಲಿ, ನೆಟ್ಟಗಿರಲಿ, ನಮ್ಮವರಿಗೆ ಬೇಗ ಓದಲು ಬರುವುದೇ ಇಲ್ಲ. ಮೂರು ವರ್ಷ ಮುಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಊಹೆಯ ಮೇಲೆ ಹೇಳಿದ್ದಾರೆ. ತವರಿಗೆ ಹೋದ ಸೊಸೆ ಬಾವಿಗೆ ಬಿದ್ದದ್ದು ಹಾಗೆ.

ನಗಬೇಕಾಗಿತ್ತು. ಆದರೆ ಕೆಸರಿನಲ್ಲಿ ಕುಳಿತ, ಊರ ಹಿರಿಯನೆದುರು ಬಾಯಿ ಕಟ್ಟಿದ ಗಂಡನನ್ನು ನೆನೆದು ನನಗೆ ಸಂಕಟವಾಯಿತು. ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ನಿಂತ ನನ್ನನ್ನೇ ನೆನೆದ ಹಾಗಾಯಿತು. ಆಗ ಪರದೆಯ ಬಟ್ಟೆಗೆ ಬಾಯಿ ಹಚ್ಚಿದಷ್ಟು ಹತ್ತಿರದಿಂದ, ಮೆಲ್ಲಗೆ, ನಾನು ಮನೆಯಲ್ಲಿ ಎಂದೂ ಕೇಳಿರದ ದನಿಯೊಂದು ಬಂತು.

"ಏ... ಇವಳ... ಏನ್ ಬರದೈತಿ ಅದು?"

ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ, ಪರದೆಯ ಆಚೆಯ ಕಡೆಯ ಸಾಲಿನವನಿಗೂ ಕೇಳುವ ಹಾಗೆ. ಚಿತ್ರ ಮುಗಿಯುವವರೆಗೂ ಓದಿದೆ. ಲಿಂಗಪೂಜೆ ಬಂದಾಗ ನಲವತ್ತು ಹೆಂಗಸರೂ ಒಟ್ಟಿಗೆ ಬೆನ್ನು ತಿರುಗಿಸಿ ನಲವತ್ತು ಕನ್ನಡಿ ಎತ್ತಿದೆವು. ನಲವತ್ತರಲ್ಲೂ ಎಡಗೈ. ಪರದೆಯ ಆಚೆ ಬಾಳಪ್ಪಕಾಕಾ "ಹರ ಹರ!" ಎಂದು ಕೂಗಿದ. ಅವನ ಕುರ್ಚಿ ಆಗಲೇ ಪೂರ್ತಿ ಮಗುಚಿಕೊಂಡದ್ದೆಂದು ಇಂದುಬಾಯಿ ಆಮೇಲೆ ಹೇಳಿದಳು.

ಅಂದು ಮನೆಯಲ್ಲಿ ಊಟಕ್ಕೆ ಕುಳಿತ ನಮ್ಮವರು ತಾಟಿನಿಂದ ಮುಖ ಎತ್ತಲಿಲ್ಲ. ಎರಡು ರೊಟ್ಟಿಯಾದ ಮೇಲೆ ಅಂದರು: "ಮೋಡಿ ಲಿಪಿ ಕಣ್ಣು ಮುಚ್ಚಿ ಓದ್ತೀನಿ ನಾ. ಪೇಟ್ಯಾಗಿನ ಕಾಗದಪತ್ರ ಎಲ್ಲಾ ಮೋಡಿಯಾಗೇ. ಈ ಬಾಳಬೋಧ ಒಂದೊಂದ ಅಕ್ಷರ ಕೂಡಿಸೂದ್ರಾಗ ಅವು ಹೋಗೇಬಿಡ್ತಾವ." ರೊಟ್ಟಿಯ ಚೂರನ್ನು ತಾಟಿನಲ್ಲಿ ಹೊರಳಿಸುತ್ತ, "ಮಂದಿ ಕೇಳಿದ್ರು. ಒಮ್ಮೆ ಹೇಳಿದೆ. ಆಮ್ಯಾಲೆ ಬಿಡಾಕ ಬರ್ಲಿಲ್ಲ."

ಮೂರು ವರ್ಷದಿಂದ ಮಸೆದಿಟ್ಟ ಮಾತುಗಳು ನನ್ನ ಹತ್ತಿರ ಒಂದು ಮೂಟೆ ಇದ್ದವು. ಒಂದೂ ಬಾಯಿಗೆ ಬರಲಿಲ್ಲ. ಮತ್ತೊಂದು ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟೆ.

ಮುಂದಿನ ವಾರ ಸ್ಟಂಟ್ ಚಿತ್ರ ಬಂತು. ಅದರಲ್ಲಿ ದೇವರಿಲ್ಲ, ಲಿಂಗವಿಲ್ಲ. ಗಂಡಸರು ಮುಂದಿನ ಜಾಗಕ್ಕೆ ಮರಳುತ್ತಾರೆಂದು ನನಗೆ ಗೊತ್ತಿತ್ತು. ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು, ಹಳೆಯ ಸೀರೆ ಉಟ್ಟುಕೊಂಡು, ತಂಬಿನ ಹಿಂದಿನ ದಾರಿಗೆ ತಿರುಗಿದೆ. ಬಾಗಿಲಲ್ಲಿ ನಮ್ಮವರು ಭರತೇಶನ ಜೊತೆ ಏರುದನಿಯಲ್ಲಿ ಮಾತಾಡುತ್ತಿದ್ದರು.

"ಹಿಂದಿನ ನೆಲ ಹಸಿ ಐತಿ. ನಾ ಕುಂತು ನೋಡೇನಿ. ಹೆಣ್ಮಕ್ಕಳಿಗೆ ಥಂಡಿ ಆಗ್ತದ. ಮುಂದ ನಡುವ ಒಂದು ಹಗ್ಗ ಕಟ್ಟು. ಈ ಕಡೆ ನಾವು, ಆ ಕಡೆ ಅವರು. ಬಾಳಪ್ಪಕಾಕಾನ್ನ ಕೇಳಿ ಬಂದೇನಿ." ಆಮೇಲೆ ನನ್ನ ಕಡೆ ನೋಡದೆ, ದನಿ ಇಳಿಸಿ, "ಓದೋರು ಮುಂದ ಇರಬೇಕಲ್ಲ" ಎಂದರು.

ಹಗ್ಗದ ಆ ಪಕ್ಕಕ್ಕೇ ತಮ್ಮ ಕುರ್ಚಿ ಹಾಕಿಸಿಕೊಂಡರು. ಈ ಪಕ್ಕದಲ್ಲಿ ನಾನು. ಅಕ್ಷರ ಬಂದಾಗ ನಾನು ರೂಢಿಯಂತೆ ಪೆಟ್ಟಿಗೆಯ ಮುಚ್ಚಳ ತೆರೆದು ಹಿಂದೆ ತಿರುಗಿದೆ. ಕನ್ನಡಿ ಬೇಕಾಗಿಲ್ಲವೆಂದು ನೆನಪಾಗಿ, ಮುಚ್ಚಿ, ಮುಂದೆ ತಿರುಗಿ ಓದಿದೆ. ನಾನು ಓದಿದ್ದನ್ನೇ ನಮ್ಮವರು ಗಟ್ಟಿಯಾಗಿ ಗಂಡಸರ ಕಡೆಗೆ ಹೇಳಿದರು, ಒಂದು ಶಬ್ದ ಕೂಡಿಸಲಿಲ್ಲ, ಒಂದು ಕಳೆಯಲಿಲ್ಲ.

ಮನೆಗೆ ನಡೆದು ಬರುವಾಗ ಅವರು ಎರಡು ಹೆಜ್ಜೆ ಮುಂದೆ, ನಾನು ಹಿಂದೆ. ವಖಾರದ ಮೂಲೆಯಲ್ಲಿ ನಿಂತು, ನಾನು ಜೊತೆಗೆ ಬರುವವರೆಗೆ ಕಾದರು. ಹದಿನಾಲ್ಕು ವರ್ಷದಲ್ಲಿ, ಊಟ ಹೇಗಿದೆ ಎಂದು ನಾನು ಕೇಳಿದ್ದೇನೆಯೇ ಹೊರತು, ಅವರು ನನ್ನನ್ನು ಏನನ್ನೂ ಹೇಗಿದೆ ಎಂದು ಕೇಳಿದ್ದಿಲ್ಲ.

"ಹೆಂಗಿತ್ತು ಚಿತ್ರ?" ಎಂದರು.

ನಾನು ಹೇಳತೊಡಗಿದೆ. ಮನೆ ಬಂದರೂ ಮುಗಿಯಲಿಲ್ಲ.